ಉಡಿಯ ಮಣ್ಣು

ಹಗಲು ಹೊತ್ತಿನಲ್ಲಿ ಕತೆ ಹೇಳಬಾರದು ಎಂಬುದು ನಮ್ಮ ಅಜ್ಜಿ ಚನ್ನವೀರಮ್ಮನ ಕಟ್ಟಳೆ. ಹೇಳಿದರೆ ದಾರಿಯಲ್ಲಿ ಹೋಗುವವರಿಗೆ ದಾರಿ ತಪ್ಪುತ್ತದೆ. ಕತೆ ಕಿವಿಗೆ ಬಿದ್ದ ದಾರಿಹೋಕ ಅದರ ಬೆನ್ನು ಹತ್ತಿ ಎಲ್ಲಿಗೋ ಹೊರಟುಬಿಡುತ್ತಾನೆ, ಅವನ ಮನೆಯವರು ಅಂಬಲಿ ಆರಿಸಿಟ್ಟುಕೊಂಡು ಬಾಗಿಲಲ್ಲೇ ಕುಳಿತಿರುತ್ತಾರೆ. ಅದಕ್ಕೇ ಕುರುಗೋಡಿನ ನಮ್ಮ ಮನೆಯಲ್ಲಿ, ಕಲ್ಲುಗುಡ್ಡದ ಹಿಂದೆ ಹೊತ್ತು ಇಳಿದು ದೀಪ ಹಚ್ಚಿದ ಮೇಲೆಯೇ ಅಜ್ಜಿಯ ಬಾಯಿ ತೆರೆಯುತ್ತಿತ್ತು.

ಇನ್ನೊಂದು ಕಟ್ಟಳೆಯೂ ಇತ್ತು. ಕೇಳುವವರು ಮಾತು ಮಾತಿಗೂ ಹೂಂ ಅನ್ನಬೇಕು.

"ಸುದ್ದಿಗೆ ಕಾಲು ಇರತಾವ ಹೊನ್ನಿ, ಕತಿಗೆ ಇರೋದಿಲ್ಲ. ಸುದ್ದಿಗೆ ಯಾರೂ ಹೂಂ ಅನ್ನೋದು ಬ್ಯಾಡ, ತಾನ ಬರತೈತಿ. ಕತಿನ ಎತ್ತಿಕೊಂಡು ಹೋಗಬೇಕು. ನೀ ಹೂಂ ಅನ್ನಲಿಲ್ಲಂದ್ರ ಅದು ಅಲ್ಲೇ ಕುಂತುಬಿಡತೈತಿ" ಎನ್ನುತ್ತಿದ್ದಳು.

ಹಾಗೆ ನಾನು ಅತಿ ಹೆಚ್ಚು ಎತ್ತಿಕೊಂಡು ತಿರುಗಿದ್ದು ಮರದ ಹದ್ದಿನ ಕತೆಯನ್ನು. ಬಡಗಿಯ ಮಗನೊಬ್ಬ ಮರದಲ್ಲಿ ಹದ್ದು ಕೆತ್ತಿ ಅದಕ್ಕೆ ಹಾರುವುದನ್ನು ಕಲಿಸಿದ. ರಾಜನ ಮಗ ಅದನ್ನು ಏರಿ ಹೊರಟು ನಿಂತಾಗ ತಾಯಿ ಅವನ ಉಡಿಯಲ್ಲಿ ಊರ ಮಣ್ಣಿನ ಗಂಟು ಕಟ್ಟಿದಳು. ಹದ್ದು ಮೇಲೇರಿದಷ್ಟೂ ಗಂಟು ಭಾರವಾಗುತ್ತ ಹೋಯಿತು. ದೂರ ಹೋದಷ್ಟೂ ಮಣ್ಣು ತನ್ನ ನೆಲವನ್ನು ನೆನೆಯುತ್ತದಂತೆ. ನೆನೆದ ಮಣ್ಣು ಭಾರವಲ್ಲವೇ. ಹದ್ದಿನ ರೆಕ್ಕೆ ನರಳತೊಡಗಿತು. ರಾಜನ ಮಗ ಗಂಟು ಬಿಚ್ಚಿ ಚಿಟಿಕೆ ಚಿಟಿಕೆಯಾಗಿ ಮಣ್ಣು ಕೆಳಗೆ ಬಿಟ್ಟ. ಒಂದು ಚಿಟಿಕೆ ಬಿದ್ದಲ್ಲಿ ಬಾದನಹಟ್ಟಿ ಹುಟ್ಟಿತು, ಒಂದು ಬಿದ್ದಲ್ಲಿ ಮೋಕ, ಇನ್ನೊಂದು ಹೊಳೆಯ ದಂಡೆಗೆ ಬಿದ್ದು ಸಿರುಗುಪ್ಪವಾಯಿತು. ಗಂಟು ಬರಿದಾಯಿತು, ಹದ್ದು ಹಗುರಾಯಿತು. ಆದರೆ ಊರ ಮಣ್ಣು ಕಳಕೊಂಡವನಿಗೆ ತನ್ನ ಊರು ಯಾವುದೆಂದು ತಿಳಿಯಲಿಲ್ಲ. ಇಳಿಯುವುದೆಲ್ಲಿ? ಇನ್ನೂ ಮೇಲೆಯೇ ಸುತ್ತುತ್ತಿದ್ದಾನೆ.

ಸಣ್ಣವಳಿದ್ದಾಗ ಆಕಾಶದಲ್ಲಿ ಹದ್ದು ಸುತ್ತುವುದನ್ನು ಕಂಡರೆ ನಾನು ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು, ಇಲ್ಲೇ ಐತಿ ನಿನ್ನ ಊರು, ಇಲ್ಲೇ ಇಳಿ, ಎಂದು ಮನಸ್ಸಿನಲ್ಲೇ ಕರೆಯುತ್ತಿದ್ದೆ. ಕಾಲೇಜಿಗೆ ಹೋಗುವ ಹುಡುಗಿಯಾದ ಮೇಲೂ ಆ ಚಟ ಪೂರ್ತಿ ಬಿಟ್ಟಿರಲಿಲ್ಲ.

ಕಾಲೇಜಿಗೆಂದು ನಾನು ಇದ್ದದ್ದು ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ, ಚಿಕ್ಕಪ್ಪನ ಮನೆಯಲ್ಲಿ. ಚಿಕ್ಕಪ್ಪ ತಿಪ್ಪೇರುದ್ರಪ್ಪ ಅಜ್ಜಿಯ ಕಿರಿಯ ಮಗ. ಕೆಳಗೆ ಅವನ ಪಂಪ್‌ಸೆಟ್ ಅಂಗಡಿ, ಮೇಲೆ ಮನೆ, ಅದರ ಮೇಲೆ ಚಿಕ್ಕಮ್ಮ ಶಿವಬಸಮ್ಮ ಡಬ್ಬಿಗಳಲ್ಲಿ ಹೂಗಿಡ ಬೆಳೆಸಿದ ಮಾಳಿಗೆ. ಸಿರುಗುಪ್ಪದ ಗದ್ದೆಗಳಿಗೆ ಹೊಳೆಯಿಂದ ನೀರೆತ್ತುವ ಪಂಪುಗಳು ಬಹಳಷ್ಟು ಅವನ ಅಂಗಡಿಯಿಂದಲೇ ಹೋದವು. ಎಂಬತ್ತೆರಡನೇ ಇಸವಿಯಲ್ಲಿ ಪಂಪು ಮಾಡುವ ಕಂಪನಿಯವರು ಅವನಿಗೊಂದು ಸನ್ಮಾನ ಇಟ್ಟುಕೊಂಡರು. ಕಂಪನಿಯ ಊರು ತಮಿಳು ಸೀಮೆಯಲ್ಲಿ. ಬೆಂಗಳೂರಿನ ತನಕ ರೈಲು, ಅಲ್ಲಿಂದ ವಿಮಾನ. ವಿಮಾನದ ಟಿಕೆಟ್ಟನ್ನು ಅವರೇ ಕಳಿಸಿದ್ದರು. ನಮ್ಮ ಮನೆತನದಲ್ಲಿ ಅದುವರೆಗೆ ಯಾರೂ ಗುಡ್ಡಕ್ಕಿಂತ ಎತ್ತರಕ್ಕೆ ಏರಿದವರಲ್ಲ.

ಟಿಕೆಟ್ಟು ಬಂದ ವಾರ ಅಜ್ಜಿಯೂ ಬಳ್ಳಾರಿಯಲ್ಲಿದ್ದಳು. ಅದೇ ಹೊತ್ತಿಗೆ ಸಿರುಗುಪ್ಪದ ಅಕ್ಕಿ ಮಿಲ್ಲಿನ ಎರ್ರಣ್ಣ ಮನೆಗೆ ಬಂದ. ಚಿಕ್ಕಪ್ಪನ ಗೆಳೆಯ, ದಪ್ಪ ಆಸಾಮಿ, ಮಾತಿಗೆ ಕುಳಿತರೆ ಚಹಾ ಎರಡು ಸಲ ಕಾಸಬೇಕು. ಅವನು ಅದೇ ದಾರಿಯ ಸಣ್ಣ ವಿಮಾನದಲ್ಲಿ ಒಮ್ಮೆ ಹೋಗಿ ಬಂದಿದ್ದ.

"ಹತ್ತೋಕಿಂತ ಮೊದಲ ತೂಗತಾರ ರುದ್ರಪ್ಪ. ಸಾಮಾನು ಅಷ್ಟ ಅಲ್ಲ, ನಮ್ಮನ್ನೂ. ನನ್ನ ಮಿಲ್ಲಿನ್ಯಾಗ ಅಕ್ಕಿ ಮೂಟಿ ತೂಗಿದಂಗ ನನ್ನ ನಿಲ್ಲಿಸಿ ತೂಗಿದ್ರು. ತೂಗಿದಾತ ಮುಳ್ಳು ನೋಡಿದ, ನನ್ನ ನೋಡಿದ, ಮತ್ತ ಮುಳ್ಳು ನೋಡಿದ."

ಚಿಕ್ಕಪ್ಪ ಬಿದ್ದು ಬಿದ್ದು ನಕ್ಕ. ವಿಮಾನ ಏಳುವಾಗ ಎರ್ರಣ್ಣ ಕಣ್ಣು ಮುಚ್ಚಿದ್ದನಂತೆ. ತೆರೆದು ನೋಡಿದರೆ ಪಕ್ಕದಲ್ಲಿದ್ದ ಕೋಟಿನ ಸಾಹೇಬನ ಕೈ ತನ್ನ ಕೈಯೊಳಗಿತ್ತಂತೆ. ಆ ಸಾಹೇಬನೂ ಬಿಡಿಸಿಕೊಂಡಿರಲಿಲ್ಲವಂತೆ. ಇಳಿದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ನಡೆದರಂತೆ.

ಮೂಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ ಅಜ್ಜಿ ಮಾತ್ರ ನಗಲಿಲ್ಲ. ಮಂದಿಯನ್ನು ತೂಗುವುದೇಕೆ ಎಂದು ಕೇಳಿದಳು. ಭಾರ ಹೆಚ್ಚಾದರೆ ಸಣ್ಣ ವಿಮಾನಕ್ಕೆ ತಡೆಯುವುದಿಲ್ಲ ಎಂದು ಎರ್ರಣ್ಣ ಹೇಳಿದ. ಅಜ್ಜಿ ಮತ್ತೆ ಶೇಂಗಾ ಸುಲಿಯತೊಡಗಿದಳು.

ಎರ್ರಣ್ಣ ಹೋದ ಮೇಲೆ ಅವಳು ಮಗನನ್ನು ಪಕ್ಕಕ್ಕೆ ಕೂಡಿಸಿಕೊಂಡು ರೈಲಿನಲ್ಲಿಯೇ ಹೋಗಿ ಬಾ ಎಂದು ಬೇಡಿದಳು. ರೈಲು ಬೀಳುವುದಿಲ್ಲವೇ, ಬಸ್ಸು ಉರುಳುವುದಿಲ್ಲವೇ ಎಂದು ಚಿಕ್ಕಪ್ಪ ವಾದ ಮಾಡಿದ.

"ಸಾವಿಗೆ ಅಂಜಿ ಹೇಳತಿಲ್ಲಪ್ಪ" ಎಂದಳು ಅಜ್ಜಿ. "ಸಾಯಾಕ ಎಲ್ಲಾರೂ ಬಂದೋರ. ಮ್ಯಾಲ ಸತ್ರ ಮಣ್ಣು ಯಾರು ಕೊಡತಾರ?"

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಸ್ನಾನ ಮಾಡಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಕುಳಿಯೊಳಗೆ ಕೂಡಿಸುತ್ತಾರೆ. ಪತ್ರಿ, ವಿಭೂತಿ ತುಂಬಿ, ಬಂದವರೆಲ್ಲ ಹಿಡಿ ಹಿಡಿ ಮಣ್ಣು ಹಾಕುತ್ತಾರೆ. ಮಣ್ಣಿಗೆ ಹೋಗಿ ಬಂದೆ ಎಂದರೆ ಸತ್ತವರನ್ನು ಕಳಿಸಿ ಬಂದೆ ಎಂದೇ ಅರ್ಥ. ನಮ್ಮ ಹೊಲದ ಬದುವಿನಲ್ಲಿ ಅಜ್ಜನೂ ಅಜ್ಜನ ಅಪ್ಪನೂ ಹಾಗೆ ಕುಳಿತೇ ಇದ್ದಾರೆ. ಸಣ್ಣವಳಿದ್ದಾಗ ನನಗೆ ಅವರು ಒಳಗೆ ಕುಳಿತು ಒಬ್ಬರಿಗೊಬ್ಬರು ಕತೆ ಹೇಳುತ್ತಿದ್ದಾರೆ ಎಂದೇ ಅನ್ನಿಸುತ್ತಿತ್ತು.

ಚಿಕ್ಕಪ್ಪ ತಾಯಿಯ ಗಲ್ಲ ಹಿಡಿದು, "ಮಣ್ಣು ಎಲ್ಲಿ ಓಡಿಹೋಗತೈತವ್ವ, ನಾ ಇಳಿಯೋದು ಅದರ ಮ್ಯಾಲೆ ಅಲ್ಲೇನು" ಎಂದು ಮಾತು ಮುಗಿಸಿದ.

ಅಜ್ಜಿ ಮರುದಿನವೇ ಕುರುಗೋಡಿಗೆ ಹೋದಳು. ಸಿಟ್ಟಾದಳು ಎಂದುಕೊಂಡೆವು. ಚಿಕ್ಕಪ್ಪ ಹೊರಡುವ ದಿನ ಬೆಳಿಗ್ಗೆ ತಾನಾಗಿಯೇ ತಿರುಗಿ ಬಂದಳು. ಬುತ್ತಿಗೆಂದು ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದಳು. ಮಗನ ಬಟ್ಟೆ ತುಂಬಿಟ್ಟ ಪೆಟ್ಟಿಗೆಯ ಹತ್ತಿರ ಸ್ವಲ್ಪ ಹೊತ್ತು ಒಬ್ಬಳೇ ಕುಳಿತಿದ್ದಳು. ಆಮೇಲೆ ಗುಡಿಗೆ ಹೋಗಿ ಬರುತ್ತೇನೆಂದು ಹೊರಟಳು. ಚಿಕ್ಕಪ್ಪ ಕೆಳಗೆ ಅಂಗಡಿಯಲ್ಲಿದ್ದ.

ಚಿಕ್ಕಮ್ಮ ಇಸ್ತ್ರಿ ಮಾಡಿದ ಪಂಚೆಯೊಂದನ್ನು ಇಡಲು ಪೆಟ್ಟಿಗೆ ತೆರೆದವಳು ಹಾಗೇ ನಿಂತಳು. ಸನ್ಮಾನಕ್ಕೆಂದು ಹೊಲಿಸಿದ ಬಿಳಿ ಅಂಗಿಯ ತೋಳಿಗೆ ಕರಿಯ ಕಲೆ. ಅಂಗಿಗಳ ಅಡಿಯಲ್ಲಿ ಕೈಹಾಕಿ ಒಂದು ಗಂಟು ತೆಗೆದಳು. ಅಜ್ಜಿಯ ಹಳೆಯ ಸೀರೆಯ ಕೆಂಪು ಸೆರಗಿನ ತುಂಡು. ಬಿಚ್ಚಿದರೆ ಒಳಗೆ ಎರೆಮಣ್ಣು, ಇನ್ನೂ ಹಸಿ ಆರದ ಹೆಂಟೆಗಳು, ನಡುವೆ ಒಣಗಿದ ಪತ್ರಿ ಎಲೆಗಳು. ಎಲ್ಲಿಯ ಮಣ್ಣೆಂದು ಹೇಳಬೇಕಾಗಿರಲಿಲ್ಲ. ಹೊಲದಲ್ಲಿ ಪತ್ರಿ ಬೀಳುವುದು ಅಜ್ಜನನ್ನು ಕೂಡಿಸಿದ ಗದ್ದುಗೆಯ ಮೇಲೆ ಮಾತ್ರ.

"ಸನ್ಮಾನಕ್ಕ ಹೊಂಟೋರಿಗೆ ಗೋರಿ ಮಣ್ಣು ಕಟ್ಟಿ ಕಳಸತಾರೇನು" ಎಂದಳು ಚಿಕ್ಕಮ್ಮ. ದನಿ ಏರಿಸಲಿಲ್ಲ, ಆದರೆ ಅವಳ ತುಟಿಗಳು ಬೆಳ್ಳಗಾಗಿದ್ದವು. "ನಿಮ್ಮಜ್ಜಿ ಬಾಯಿಲೆ ಅಪಶಕುನ ನುಡಿದದ್ದು ಸಾಲಲಿಲ್ಲ."

ಮಾಳಿಗೆಗೆ ಹೋಗಿ ಮಣ್ಣನ್ನು ಮಲ್ಲಿಗೆಯ ಡಬ್ಬಿಗೆ ಸುರಿದು ಮೇಲೆ ಒಂದು ತಂಬಿಗೆ ನೀರು ಹಾಕಿದಳು. ಅಂಗಿಯ ತೋಳನ್ನೂ ಕೆಂಪು ಬಟ್ಟೆಯನ್ನೂ ಒಟ್ಟಿಗೇ ತೊಳೆದು ಒಣಹಾಕಿದಳು. ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದಳು.

"ಅತ್ತೆಮ್ಮಗ ಹೇಳಬ್ಯಾಡ. ನಿಮ್ಮ ಚಿಕ್ಕಪ್ಪಗೂ ಬ್ಯಾಡ. ಗೊತ್ತಾದ್ರ ಅವ್ವನ ಮನಸು ಮುರೀಬಾರದಂತ ಮತ್ತ ಒಳಗ ಇಟ್ಟುಕೊಂತಾರ."

ಚಿಕ್ಕಪ್ಪನಿಗೆ ಗೊತ್ತಾಗಲಿಲ್ಲ. ಸಂಜೆ ಒಣಗಿದ ಬಿಳಿ ಅಂಗಿಯನ್ನೇ ತೊಟ್ಟು, ನಮ್ಮೆಲ್ಲರ ಕಾಲು ತುಳಿಯುತ್ತ ಗಡಿಬಿಡಿಯಲ್ಲಿ ಟಾಂಗಾ ಹತ್ತಿ ಸ್ಟೇಷನ್ನಿಗೆ ಹೋದ. ಹೋಗುವಾಗ ನನಗೆ, ಮೇಲೆ ನಿನ್ನ ರಾಜನ ಮಗ ಸಿಕ್ಕರೆ ಕುರುಗೋಡಿನ ದಾರಿ ಹೇಳಿ ಬರುತ್ತೇನೆ ಎಂದ. ಅಜ್ಜಿ ಈ ಸಲ ಬೇಡವೆನ್ನಲಿಲ್ಲ. ಪೆಟ್ಟಿಗೆಯ ಕಡೆ ಒಮ್ಮೆ ನೋಡಿದಳು, ಅಷ್ಟೆ.

ಆ ವಿಮಾನ ಪಂಪಿನ ಕಂಪನಿಯ ಊರನ್ನು ಮುಟ್ಟಲಿಲ್ಲ. ಕಾಡಿನ ಗುಡ್ಡವೊಂದಕ್ಕೆ ಬಿದ್ದು ಉರಿದುಹೋಯಿತು. ನಾವು ಅದನ್ನು ರೇಡಿಯೋದಲ್ಲಿ ಕೇಳಿದೆವು. ಕೆಳಗೆ ಅಂಗಡಿಯಲ್ಲಿ ಯಾರೋ ಗಿರಾಕಿ ಪಂಪು ಓಡಿಸಿ ನೋಡುತ್ತಿದ್ದರು. ಆ ಸದ್ದಿನಲ್ಲಿ ಮೊದಲು ಊರಿನ ಹೆಸರು ಕೇಳಿಸಲಿಲ್ಲ. ಚಿಕ್ಕಮ್ಮ ಎದ್ದುಹೋಗಿ ಕಿಟಕಿ ಮುಚ್ಚಿ ಬಂದು ಕುಳಿತಳು. ಆಮೇಲೆ ಎಲ್ಲವೂ ಸ್ಪಷ್ಟವಾಗಿ ಕೇಳಿಸಿತು.

ಅಪ್ಪ ಮತ್ತು ಎರ್ರಣ್ಣ ಆ ಊರಿಗೆ ಹೋದರು. ಬರಿಗೈಯಲ್ಲಿ ಬಂದರು. ಯಾರು ಯಾರೆಂದು ಗುರುತು ಹಿಡಿಯುವ ಹಾಗಿರಲಿಲ್ಲವಂತೆ. ಅಪ್ಪ ಚಿಕ್ಕಪ್ಪನ ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆಯನ್ನು ವಿವರಿಸಿ ವಿವರಿಸಿ ಕೇಳಿದರಂತೆ, ಭಾಷೆ ತಿಳಿಯದವರಿಗೆ ನೆಲದ ಮೇಲೆ ಬರೆದು ತೋರಿಸಿದರಂತೆ. ಕಡೆಗೆ ಎಲ್ಲರನ್ನೂ ಒಂದೇ ಕಡೆ ಸೇರಿಸಿ ಬೆಂಕಿಗೆ ಕೊಟ್ಟರಂತೆ.

ಕುರುಗೋಡಿನ ಮನೆ ತುಂಬ ಜನ. ಮಣ್ಣಿಗೆಂದು ಬಂದವರು, ಆದರೆ ಮಣ್ಣು ಇರಲಿಲ್ಲ. ಹೆಗಲ ಮೇಲಿನ ಟವೆಲನ್ನು ಏನು ಮಾಡಬೇಕೆಂದು ತಿಳಿಯದೆ ಗಂಡಸರು ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದರು. ಅಜ್ಜಿ ಅಪ್ಪನನ್ನು ಕೇಳಿದ್ದು ಒಂದೇ ಮಾತು.

"ಕೂಡಿಸಿದ್ರೇನು?"

"ಇಲ್ಲವ್ವ" ಎಂದರು ಅಪ್ಪ.

ಅಜ್ಜಿ ಗೋಡೆಯ ಕಡೆ ತಿರುಗಿದಳು. ಆಮೇಲೆ, ಇರಲಿ, ಎಂದಳು. ಕಿರಿಮಗನನ್ನು ಕಳಕೊಂಡವಳು ಇಷ್ಟು ಗಟ್ಟಿ ಇದ್ದಾಳಲ್ಲ ಎಂದು ಬಂದ ಹೆಂಗಸರು ಪಿಸುಗುಟ್ಟಿದರು. ಅವಳು ಯಾವುದನ್ನು ಹಿಡಿದು ನಿಂತಿದ್ದಾಳೆಂದು ನನಗೂ ಚಿಕ್ಕಮ್ಮನಿಗೂ ಮಾತ್ರ ಗೊತ್ತಿತ್ತು. ಚಿಕ್ಕಮ್ಮ ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ.

ಆ ವರ್ಷ ಬಳ್ಳಾರಿಯಲ್ಲಿ ವಿಮಾನದ ಮಾತೆತ್ತಿದರೆ ಜನ ಎದೆ ಮುಟ್ಟಿಕೊಳ್ಳುತ್ತಿದ್ದರು. ಮುಂಬಯಿಗೆ ಹಾರುವವರಿದ್ದ ಬ್ರೂಸ್‌ಪೇಟೆಯ ಜವಳಿ ವ್ಯಾಪಾರಿಯೊಬ್ಬರು ಹೆಂಡತಿಯ ಕಣ್ಣೀರಿಗೆ ಸೋತು ರೈಲು ಹಿಡಿದರು. ಹಕ್ಕಿ ಬಡಿಯಿತು ಎನ್ನುವವರು ಕೆಲವರು, ಮಂಜು ಎನ್ನುವವರು ಕೆಲವರು, ಯಂತ್ರವೇ ಹಳತು, ಬೇರೆ ದೇಶದವರು ಬಿಸಾಕಿದ್ದನ್ನು ತಂದು ಬಣ್ಣ ಹಚ್ಚಿದ್ದಾರೆ ಎನ್ನುವವರು ಕೆಲವರು. ಎರ್ರಣ್ಣ ಮಾತ್ರ ಏನೂ ಹೇಳುತ್ತಿರಲಿಲ್ಲ. ಸಿರುಗುಪ್ಪದಿಂದ ಬಂದರೆ ಅಂಗಡಿಯ ಮೆಟ್ಟಿಲ ಮೇಲೆ ಒಂದಿಷ್ಟು ಹೊತ್ತು ಕುಳಿತು, ಚಹಾ ಬೇಡವೆಂದು ಎದ್ದು ಹೋಗುತ್ತಿದ್ದ.

ಕುರುಗೋಡಿನಲ್ಲೂ ಅಷ್ಟೇ. ಎತ್ತರದಲ್ಲಿ ವಿಮಾನದ ಸದ್ದು ಕೇಳಿದರೆ ಮೊದಲು ಮಕ್ಕಳು ಕುಣಿಯುತ್ತಿದ್ದವು; ಈಗ ದೊಡ್ಡವರು ಹೊರಬಂದು, ಸದ್ದು ಗುಡ್ಡದಾಚೆ ಹೋಗಿ ಅಳಿಯುವ ತನಕ ನಿಂತು ನೋಡುತ್ತಿದ್ದರು. ಅದು ಬೀಳದೆ ದಾಟಿತಲ್ಲ ಎಂದು ಒಳಗೆ ಹೋಗುತ್ತಿದ್ದರು.

ನಮ್ಮ ಎದುರು ಮನೆಯ ಚಿದಾನಂದಪ್ಪ ಮಾಸ್ತರರಿಗೆ ಈ ಅಂಜಿಕೆ ಕಂಡರೆ ಆಗುತ್ತಿರಲಿಲ್ಲ. ದಿನಾ ನಮ್ಮ ಕಟ್ಟೆಗೆ ಬಂದು ಪೇಪರು ಓದಿ ಹೇಳುತ್ತಿದ್ದರು. ಲೋಕದಲ್ಲಿ ವಿಮಾನದಿಂದ ಸಾಯುವವರಿಗಿಂತ ಬಸ್ಸು ಲಾರಿಯಿಂದ ಸಾಯುವವರು ಎಷ್ಟೋ ಪಟ್ಟು ಹೆಚ್ಚು, ಲೆಕ್ಕ ನೋಡಿದರೆ ಬಳ್ಳಾರಿ ಬಸ್ಸು ಹತ್ತಲು ಹೆದರಬೇಕು ಎಂದು ತಿಳಿಸಿ ಹೇಳಿದರು.

ಕಟ್ಟೆಯ ಮೇಲಿದ್ದ ಮುದುಕರೊಬ್ಬರು, "ಖರೆ ಐತ್ರಿ ಮಾಸ್ತರ. ಆದ್ರ ಬಸ್ಸು ಬಿದ್ರ ನೆಲದ ಮ್ಯಾಲ ಬೀಳತೈತಿ, ಗುರುತಿನವರು ಬಂದು ಎತ್ತತಾರ" ಎಂದರು. ಮಾಸ್ತರರು ಪೇಪರಿನ ಪುಟ ತಿರುವಿದರು.

ನಾನು ರಜೆಗೆ ಊರಲ್ಲಿದ್ದಾಗ ಒಂದು ಬೆಳಿಗ್ಗೆ ಮಾಸ್ತರರು ಪೇಪರಿನ ಒಳಪುಟದಿಂದ ಒಂದು ಸುದ್ದಿ ಓದಿದರು. ವಿಮಾನ ಬಿದ್ದುದರ ವಿಚಾರಣೆ ನಡೆದಿದೆ, ತಡೆಯುವ ಭಾರಕ್ಕಿಂತ ಹೆಚ್ಚಿನ ಭಾರ ಹೇರಿದ್ದಿರಬಹುದು ಎಂಬ ಶಂಕೆ ಇದೆ. ಶಂಕೆ ಮಾತ್ರ, ತೀರ್ಮಾನವಲ್ಲ ಎಂದು ಅವರು ಒತ್ತಿ ಹೇಳಿದರು. ಬಾಗಿಲಲ್ಲಿ ಅಕ್ಕಿ ಕೇರುತ್ತಿದ್ದ ಅಜ್ಜಿಯ ಮೊರ ನಿಂತಿತು. ಅವಳು ಆ ಅಕ್ಕಿಯನ್ನು ಹಾಗೇ ಬಿಟ್ಟು ಒಳಗೆ ಹೋಗಿ ಕಂಬಳಿ ಹಾಸಿಕೊಂಡು ಮಲಗಿದಳು.

ಎದ್ದದ್ದು ಕಮ್ಮಿ. ಉಣ್ಣುವುದನ್ನು ಹೆಚ್ಚು ಕಡಿಮೆ ಬಿಟ್ಟೇಬಿಟ್ಟಳು. ಅಪ್ಪ ಬಳ್ಳಾರಿಯ ಡಾಕ್ಟರನ್ನು ಕರೆತಂದರು. ಅವರು ನಾಡಿ ಹಿಡಿದು ನೋಡಿ ರೋಗವೇನೂ ಕಾಣುವುದಿಲ್ಲ, ಆದರೆ ಹೀಗೇ ಬಿಟ್ಟರೆ ಉಳಿಯುವುದಿಲ್ಲ ಎಂದರು. ಅವ್ವ ಗಂಜಿ ಹಿಡಿದು ಕುಳಿತರೆ ಅಜ್ಜಿ ಬಾಯಿ ತೆರೆಯದೆ ಗೋಡೆಗೆ ತಿರುಗುತ್ತಿದ್ದಳು.

ಒಂದು ಸಂಜೆ ದೀಪ ಹಚ್ಚಿದ ಮೇಲೆ ನನ್ನನ್ನು ಹತ್ತಿರ ಕರೆದು ಮರದ ಹದ್ದಿನ ಕತೆ ಹೇಳು ಎಂದಳು. ಅವಳು ಕತೆ ಕೇಳುವುದು ಅದೇ ಮೊದಲು. ನಾನು ಶುರುಮಾಡಿದೆ. ಅಜ್ಜಿ ಹೂಂ ಅನ್ನಲಿಲ್ಲ. ಬಡಗಿಯ ಮಗ ಬಂದ, ರಾಜನ ಮಗ ಬಂದ, ತಾಯಿ ಉಡಿಗೆ ಮಣ್ಣು ಕಟ್ಟಿದಳು, ಹದ್ದು ಏರಿತು, ಗಂಟು ಭಾರವಾಗುತ್ತ ಹೋಯಿತು ಎಂಬಲ್ಲಿಗೆ ಬಂದೆ.

"ಸಾಕು" ಎಂದಳು. "ಕತಿ ಹೇಳಿಕೊಟ್ಟಾಕಿ ನಾನ. ಮರತಾಕೀನೂ ನಾನ."

ಆಮೇಲೆ ಎಲ್ಲವನ್ನೂ ಹೇಳಿದಳು. ಮಗ ಹೊರಡುವ ಮುಂಚೆ ಹೊಲಕ್ಕೆ ಹೋಗಿ ಅಜ್ಜನ ಗದ್ದುಗೆಯ ಮಣ್ಣು ತಂದದ್ದು, ಮಗನ ಅಂಗಿಗಳ ಅಡಿಯಲ್ಲಿ ಇಟ್ಟದ್ದು. ಆಗಬಾರದ್ದು ಆದರೂ ಅವನ ಮಣ್ಣು ಅವನ ಜೊತೆಗಿರಲಿ ಎಂಬುದೊಂದೇ ಅವಳ ತಲೆಯಲ್ಲಿದ್ದದ್ದು. ಭಾರದ ಮಾತು ಎರ್ರಣ್ಣ ಕಣ್ಣೆದುರೇ ಹೇಳಿದ್ದರೂ ಹೊಳೆದಿರಲಿಲ್ಲ.

ಪೆಟ್ಟಿಗೆಯನ್ನೂ ತೂಗಿಯೇ ಒಳಗೆ ಬಿಡುತ್ತಾರೆ ಅಜ್ಜಿ, ಹೆಚ್ಚಾಗಿದ್ದರೆ ಅಲ್ಲೇ ತೆಗೆಸುತ್ತಿದ್ದರು ಎಂದು ನಾನು ಎಷ್ಟೋ ಹೇಳಿದೆ. ಅವಳು ಸಣ್ಣ ಮಗುವನ್ನು ನೋಡುವ ಹಾಗೆ ನನ್ನನ್ನು ನೋಡಿದಳು.

"ನೆಲದ ಮ್ಯಾಲ ಇಟ್ಟು ತೂಗಿದ್ರ ಅದರ ಭಾರ ಏನು ಗೊತ್ತಾಗತೈತಿ? ಮ್ಯಾಲ ಹೋದ ಮ್ಯಾಲ ಅಲ್ಲೇನು ಅದು ನೆನಿಯೋದು. ನನ್ನ ಮಗನ್ನ ನಾನ ಕೆಳಗ ಎಳದೆ ಹೊನ್ನಿ. ಅವನ ಜೋಡಿ ಇದ್ದವರನ್ನೂ ಎಳದೆ. ಅವರಿಗೂ ತಾಯಿ ಇರತಾರ."

ಗಂಟು ವಿಮಾನದಲ್ಲಿ ಇರಲೇ ಇಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಆದರೆ ಆ ಮಾತು ಹೇಳಬೇಕಾದವಳು ನಾನಲ್ಲ ಅನ್ನಿಸಿತು. ಮರುದಿನ ಮೊದಲ ಬಸ್ಸಿಗೆ ಬಳ್ಳಾರಿಗೆ ಹೋದೆ.

ಚಿಕ್ಕಮ್ಮ ಮಾಳಿಗೆಯ ಮೇಲೆ ಇದ್ದಳು. ಮಲ್ಲಿಗೆ ಬಳ್ಳಿ ಕಟಾಂಜನದ ತನಕ ಏರಿತ್ತು. ಕೀಳುವವರಿಲ್ಲದೆ ಹೂವುಗಳು ಬಾಡಿ ಅದರ ಬುಡಕ್ಕೇ ಉದುರಿದ್ದವು. ನಾನು ಹೇಳಿದ್ದನ್ನೆಲ್ಲ ಅವಳು ಬೆನ್ನು ತಿರುಗಿಸಿಕೊಂಡು ಕೇಳಿದಳು. ಮೊದಲು ಸಿಟ್ಟು ಬಂತು ಅವಳಿಗೆ. ಅನ್ನಲಿ ಬಿಡು, ಸಾಯುವ ಮಾತು ಮೊದಲು ಎತ್ತಿದವರು ಯಾರು ಎಂದಳು. ಆಮೇಲೆ ಡಬ್ಬಿಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತು ಮಣ್ಣನ್ನು ಬೆರಳಿಂದ ಕೆದಕಿದಳು.

"ಅವರು ಇಟ್ಟಿದ್ದಕ್ಕ ಬಿತ್ತು ಅಂತ ಅವರು ಅಂತಾರ. ನಾ ತೆಗೆದಿದ್ದಕ್ಕ ಬಿತ್ತೇನೋ ಅಂತ ನಾ ಕುಂತೀನಿ" ಎಂದಳು. "ಒಂದು ಹಿಡಿ ಮಣ್ಣು ನೋಡು. ಇಬ್ಬರನ್ನ ತಿಂತು."

ಎದ್ದು ಕೈ ತೊಳೆದುಕೊಂಡಳು. ಇರುವುದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ, ಅತ್ತೆಮ್ಮ ಬೈದರೆ ಬೈಯಲಿ, ಒಂದು ತುತ್ತು ಉಂಡರೆ ಸಾಕು ಎಂದಳು. ನಂಬಲಿಕ್ಕಿಲ್ಲವೆಂದು ಆ ಕೆಂಪು ಸೆರಗಿನ ತುಂಡನ್ನು ಟ್ರಂಕಿನಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಸ್ಸಿನಲ್ಲಿ ಬಾದನಹಟ್ಟಿ ದಾಟುವ ತನಕ ಅವಳ ಕೈ ಅದರ ಮೇಲೆಯೇ ಇತ್ತು.

ನಾವು ಮನೆ ಮುಟ್ಟಿದಾಗ ಮಧ್ಯಾಹ್ನ. ಅವ್ವ ಬಾವಿಯ ಹತ್ತಿರ ಇದ್ದಳು, ಅಪ್ಪ ಹೊಲಕ್ಕೆ ಹೋಗಿದ್ದರು. ಪಡಸಾಲೆಯಲ್ಲಿ ಅಜ್ಜಿ ಕಂಬಳಿಯ ಮೇಲೆ ಮಡಿಚಿಟ್ಟ ಬಟ್ಟೆಯ ಹಾಗೆ ಬಿದ್ದಿದ್ದಳು. ಹೊಸ್ತಿಲ ಬಿಸಿಲು ಅವಳ ಕಾಲ ತನಕ ಬಂದಿತ್ತು. ಚಿಕ್ಕಮ್ಮ ಹೋಗಿ ಅವಳ ತಲೆಯ ಹತ್ತಿರ ಕುಳಿತಳು. ಸುತ್ತು ಬಳಸಿ ಮಾತಾಡಿ ಅವಳಿಗೆ ಗೊತ್ತಿಲ್ಲ.

"ಅತ್ತೆಮ್ಮಾ, ನೀವು ಇಟ್ಟಿದ್ದ ಗಂಟು ವಿಮಾನದಾಗ ಹೋಗಲಿಲ್ಲ."

ಅಜ್ಜಿ ಕಣ್ಣು ತೆರೆದಳು. ಒಂದು ಗಳಿಗೆ ಅವಳ ಮುಖದ ಗೆರೆಗಳೆಲ್ಲ ಸಡಿಲಾದವು. ಅಷ್ಟು ದಿನದ ಮೇಲೆ ಹೊತ್ತ ಮೂಟೆ ಇಳಿಸಿದವಳ ಹಾಗೆ ಒಂದು ದೀರ್ಘ ಉಸಿರು ಬಂತು. ಗೆದ್ದೆವು ಎಂದುಕೊಂಡೆ ನಾನು. ಆಮೇಲೆ ಆ ಉಸಿರು ನಡುವೆಯೇ ನಿಂತಿತು.

"ಹಂಗಾರ" ಎಂದಳು ಅಜ್ಜಿ, "ನನ್ನ ಮಗ ಬರೀ ಉಡಿಲೆ ಹೋದನೇನು?"

ಸೊಂಟದ ಬಟ್ಟೆ ತೆಗೆಯಲು ಹೋಗಿದ್ದ ಚಿಕ್ಕಮ್ಮನ ಕೈ ಅಲ್ಲೇ ನಿಂತಿತು. ಅಂಗಳದಲ್ಲಿ ಕೋಳಿಯೊಂದು ನೆಲ ಕೆದಕುತ್ತಿತ್ತು. ಅಜ್ಜಿ ಉತ್ತರಕ್ಕಾಗಿ ಸೊಸೆಯ ಮುಖವನ್ನೇ ನೋಡುತ್ತಿದ್ದಳು.

"ಗಂಟು ಹೋಗಲಿಲ್ಲ" ಎಂದಳು ಚಿಕ್ಕಮ್ಮ ನಿಧಾನವಾಗಿ. "ಮಣ್ಣು ಹೋತು."

ಅಜ್ಜಿ ಕಂಬಳಿಯಿಂದ ತಲೆ ಸ್ವಲ್ಪ ಎತ್ತಿದಳು.

"ಅವರು ಪೆಟಿಗಿ ತೆರೆದಾಗ ನೋಡಿದ್ರು. ನಮ್ಮವ್ವನ ಕೆಲಸ ಅಂತ ನಕ್ಕರು. ಬೈಲಿಲ್ಲ. ಕರಡಿಗಿ ಬಿಚ್ಚಿ, ಲಿಂಗದ ಮಗ್ಗಲಿಗೆ ಒಂದು ಚಿಟಿಕಿ ಇಟ್ಟುಕೊಂಡ್ರು. ಉಳಿದದ್ದು ಮಲ್ಲಿಗಿ ಬುಡಕ್ಕ ಹಾಕು ಅಂದ್ರು."

ನಾನು ನೆಲ ನೋಡಿದೆ. ಚಿಕ್ಕಪ್ಪ ಆ ಹೊತ್ತಿನಲ್ಲಿ ಕೆಳಗೆ ಅಂಗಡಿಯಲ್ಲಿ ಯಾರಿಗೋ ಪೈಪಿನ ಅಳತೆ ಹೇಳುತ್ತಿದ್ದ. ಅವನ ದನಿ ಮಾಳಿಗೆಯ ತನಕ ಕೇಳಿಸುತ್ತಿತ್ತು.

"ಹೂಂ" ಎಂದಳು ಅಜ್ಜಿ.

ಚಿಕ್ಕಮ್ಮ ಒಮ್ಮೆ ನನ್ನ ಕಡೆ ನೋಡಿ ಮತ್ತೆ ಅಜ್ಜಿಯ ಕಡೆ ತಿರುಗಿದಳು. ಅಜ್ಜಿಯ ಕತೆಗಳನ್ನು ಒಂದು ದಿನವೂ ಕುಳಿತು ಕೇಳಿದವಳಲ್ಲ ಅವಳು. ಸೊಸೆಯಾಗಿ ಬಂದಾಗಿನಿಂದ ಕತೆಯ ಹೊತ್ತಿಗೆ ಅವಳಿಗೆ ಒಳಗೆ ಒಲೆಯ ಕೆಲಸ ಇರುತ್ತಿತ್ತು.

"ಅಲ್ಲಿ ಅವರನ್ನ ತೂಗಿದ್ರು. ಚಿಟಿಕಿ ಮಣ್ಣಿಗೆ ಮುಳ್ಳು ಅಲುಗಲಿಲ್ಲ."

"ಹೂಂ."

"ಮ್ಯಾಲ ಹೋದ ಮ್ಯಾಲೂ ಅದು ಭಾರ ಆಗಲಿಲ್ಲ ಅತ್ತೆಮ್ಮಾ. ಚಿಟಿಕಿ ಮಣ್ಣು ನೆನೆದ್ರೂ ಎಷ್ಟು ನೆನೆದೀತು. ವಿಮಾನ ಬಿದ್ದದ್ದು ಬ್ಯಾರೇದಕ್ಕ. ಯಾವುದಕ್ಕಂತ ಯಾರಿಗೂ ಗೊತ್ತಿಲ್ಲ."

"ಹೂಂ."

ಚಿಕ್ಕಮ್ಮನ ದನಿ ಇಳಿಯುತ್ತ ಬಂತು. ಇಲ್ಲಿಂದ ಮುಂದಿನದನ್ನು ಅವಳು ಅಜ್ಜಿಗೆ ಹೇಳುತ್ತಿದ್ದಳೋ ತನಗೇ ಹೇಳಿಕೊಳ್ಳುತ್ತಿದ್ದಳೋ ತಿಳಿಯಲಿಲ್ಲ.

"ಬೀಳೋ ಮುಂದ ಅವರು ಎದಿ ಮ್ಯಾಲ ಕೈ ಇಟ್ಟುಕೊಂಡ್ರು. ಕರಡಿಗಿ ಹಿಡಕೊಂಡ್ರು. ಮಣ್ಣು ಅಲ್ಲೇ ಇತ್ತು."

"ಹೂಂ."

"ಬೆಂಕಿ ಬಂತು. ಬೆಂಕಿಗೆ ಏನು ಬೇಕಾದ್ರೂ ಸುಡಾಕ ಬರತೈತಿ. ಮಣ್ಣು ಸುಡಾಕ ಬರೋದಿಲ್ಲ."

"ಹೂಂ."

"ಅವರು ಕುಂತೇ ಇದ್ರು ಅತ್ತೆಮ್ಮಾ. ಸೀಟಿನ್ಯಾಗ ಕುಂತಂಗ ಕುಂತಿದ್ರು. ಯಾರೂ ಬಂದು ಕೂಡಿಸೋದು ಬೇಕಾಗಲಿಲ್ಲ."

ಈ ಸಲ ಹೂಂ ಬರಲು ತಡವಾಯಿತು. ಬಂದಾಗ ಅದು ಉಸಿರಿಗಿಂತ ಸ್ವಲ್ಪ ದೊಡ್ಡದಿತ್ತು, ಅಷ್ಟೆ.

ಹೇಳುವುದು ಮುಗಿದಿತ್ತು. ಅಜ್ಜಿ ನಿನಗೆ ಹೇಗೆ ಗೊತ್ತು ಎಂದು ಕೇಳಲಿಲ್ಲ. ಕೈ ಊರಿ ಮೆಲ್ಲಗೆ ಎದ್ದು ಗೋಡೆಗೆ ಒರಗಿ ಕುಳಿತಳು. ಹೊಸ್ತಿಲ ಕಡೆ ನೋಡಿದಳು.

"ಹೊತ್ತು ಎಲ್ಲಿಗೆ ಬಂತ ಹೊನ್ನಿ?"

ಇನ್ನೂ ಮಧ್ಯಾಹ್ನ ಅಜ್ಜಿ ಎಂದೆ.

ಅವಳು ಸೊಸೆಯ ಕಡೆ ತಿರುಗಿದಳು. ಚಿಕ್ಕಮ್ಮನ ಬರಿದಾದ ಮುಂಗೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು.

"ಹಗಲಾಗ ಹೇಳಬಾರದಿತ್ತವ್ವ" ಎಂದಳು. ಆ ಮುಂಗೈ ಸವರುತ್ತ, "ಇರಲಿ. ನಮ್ಮವರು ದಾರ್ಯಾಗ ಇನ್ನ ಯಾರು ಅದಾರ" ಎಂದಳು.

ಚಿಕ್ಕಮ್ಮ ಎದ್ದು ಗಂಜಿ ಕಾಸಲು ಒಳಗೆ ಹೋದಳು. ಬಗ್ಗಿ ಒಲೆ ಊದುವಾಗ ಸೊಂಟದಿಂದ ಕೆಂಪು ತುದಿಯೊಂದು ಹೊರಗೆ ಇಣುಕಿತ್ತು. ಅದನ್ನು ನೋಡದೆಯೇ ಬೆರಳಿಂದ ಒಳಗೆ ದಬ್ಬಿಕೊಂಡಳು. ಅಜ್ಜಿ ಬಟ್ಟಲು ಗಂಜಿಯನ್ನು ಪೂರ್ತಿ ಕುಡಿದಳು.

ಅದಾದ ಮೇಲೆ ಅವಳು ಕೆಲವು ವರ್ಷ ಇದ್ದಳು. ಉಂಡಳು, ಅಕ್ಕಿ ಕೇರಿದಳು, ಮಾಸ್ತರರು ಓದುವ ಸುದ್ದಿ ಕೇಳಿದಳು. ಕತೆ ಮಾತ್ರ ಹೇಳಲಿಲ್ಲ. ದೀಪ ಹಚ್ಚಿದ ಮೇಲೆ ನಾನು ಹೋಗಿ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದೆ. ಮೇಲೆ ಎಲ್ಲೋ ವಿಮಾನದ ಸದ್ದು ಬಂದು ಗುಡ್ಡದಾಚೆ ಹೋಗುತ್ತಿತ್ತು. ಅದು ಅಳಿಯುವ ತನಕ ಇಬ್ಬರೂ ಉಸಿರು ಹಿಡಿದಿರುತ್ತಿದ್ದೆವು. ಆಮೇಲಿನ ಮೌನದಲ್ಲಿ ಕೆಲವು ಸಲ ನಾನೇ, ಸುಮ್ಮಸುಮ್ಮನೆ, ಹೂಂ ಅನ್ನುತ್ತಿದ್ದೆ. ಎತ್ತಿಕೊಂಡು ಹೋಗಲು ಏನೂ ಇರುತ್ತಿರಲಿಲ್ಲ.